ಸಾಲಿಗ್ರಾಮ: ಗುರುತಿಸುವಿಕೆಯ ಇತಿಹಾಸ

ಸಾಲಿಗ್ರಾಮವೆಂದು ಪೂಜೆಗೊಳ್ಳುವ ಕಪ್ಪು ಉರುಟು ಕಲ್ಲುಗಳಲ್ಲಿ ಹೆಚ್ಚಿನವು ಅಮೋನೈಟಿನ ಪಳೆಯುಳಿಕೆಗಳು. ಅಮೋನೈಟು ಕರಾವಳಿಯ ಬೊಂಡಾಸಿನ ವರ್ಗಕ್ಕೇ ಸೇರಿದ, ಸುರುಳಿ ಚಿಪ್ಪಿನ ಶಿರಪಾದಿ ಮೃದ್ವಂಗಿ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ನಿರ್ನಾಮವಾಯಿತು. ಹೊಸನಗರ ತಾಲ್ಲೂಕಿನ ನಿಟ್ಟೂರು, ಸಾಗರ, ತೀರ್ಥಹಳ್ಳಿ ಸೀಮೆಯ ನೆಲದಲ್ಲಿ ಇದು ಸಿಗುವುದಿಲ್ಲ. ಇಲ್ಲಿ ಜಂಬಿಟ್ಟಿಗೆಯ ಅಡಿಯಲ್ಲಿರುವ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ಆಗಿನ್ನೂ ಚಿಪ್ಪಿನ ಪ್ರಾಣಿಗಳೇ ಹುಟ್ಟಿರಲಿಲ್ಲ. ಆದರೂ ಈ ಸೀಮೆಯ ಹವ್ಯಕರ ಪಂಚಾಯತನ ಪೂಜೆಯಲ್ಲಿ ವಿಷ್ಣುವಿನ ಸ್ಥಾನ ಸಾಲಿಗ್ರಾಮದ್ದೇ. ಅದರ ತವರು ನೇಪಾಳದ ಗಂಡಕಿ ನದಿ.

ಮೊದಲ ವರ್ಗೀಕರಣ ಪುರಾಣಗಳದು. ದ್ವಾರ, ಚಕ್ರ, ಬಣ್ಣಗಳನ್ನು ನೋಡಿ ಹೆಸರಿಡುವ ಕ್ರಮ ಅದು: ಒಂದು ದ್ವಾರ, ನಾಲ್ಕು ಚಕ್ರ, ವನಮಾಲೆಯ ಗುರುತು ಇದ್ದರೆ ಲಕ್ಷ್ಮೀನಾರಾಯಣ. ಚಕ್ರಗಳನ್ನು ಕೊರೆದದ್ದು ವಜ್ರಕೀಟವೆಂಬ ಹುಳು ಎಂದು ನಂಬಿಕೆ. ಕಲ್ಲಿನ ಆಕಾರಕ್ಕೆ ಜೀವಿಯೇ ಕಾರಣವೆಂದು ಊಹಿಸಿದ್ದು ಸಣ್ಣ ಮಾತಲ್ಲ. ನಡೆದದ್ದು ಮಾತ್ರ ತಿರುವುಮುರುವು: ಹುಳು ಕಲ್ಲನ್ನು ಕೊರೆಯಲಿಲ್ಲ, ಚಿಪ್ಪಿನೊಳಗೆ ತುಂಬಿದ ಕೆಸರು ಕಲ್ಲಾಯಿತು.

ಯುರೋಪಿನಲ್ಲೂ ಇಂಥ ಕಲ್ಲುಗಳನ್ನು ಜನ ಬಹುಕಾಲ ಕಲ್ಲಾದ ಹಾವೆಂದೇ ತಿಳಿದಿದ್ದರು. ಅವು ನಾಟಿಲಸ್ಸಿನಂಥ ಪ್ರಾಣಿಯ ಚಿಪ್ಪೆಂದು 17ನೆಯ ಶತಮಾನದಲ್ಲಿ ರಾಬರ್ಟ್ ಹುಕ್ ವಾದಿಸಿದ. ಸಾಲಿಗ್ರಾಮ ಅದೇ ಜಾತಿಯ ಕಲ್ಲಾದ ಚಿಪ್ಪೆಂದು ಫ್ರೆಂಚ್ ಪ್ರವಾಸಿ ಪಿಯರ್ ಸೊನರಾ 1782ರ ತನ್ನ ಗ್ರಂಥದಲ್ಲಿ ಬರೆದ. ಹಿಮಾಲಯದ ಒಂದು ಅಮೋನೈಟಿಗೆ ಜಾನ್ ಎಡ್ವರ್ಡ್ ಗ್ರೇ 1832ರಲ್ಲಿ 'ವಲಿಚೀ' ಎಂಬ ಪ್ರಭೇದನಾಮ ಕೊಟ್ಟ. ಈಗ ಅದು ಬ್ಲಾನ್‌ಫೋರ್ಡಿಸೆರಾಸ್ ಕುಲದಲ್ಲಿದೆ. ವಿಕ್ಟರ್ ಉಹ್ಲಿಗ್ 1903ರಿಂದ 1910ರವರೆಗೆ ಹಿಮಾಲಯದ ಸ್ಪಿಟಿ ಜೇಡುಶಿಲೆಯ ಜೀವಿಗಳ ವಿಸ್ತಾರವಾದ ವಿವರಣೆ ಪ್ರಕಟಿಸಿದ. ಗಂಡಕಿಯ ಕಲ್ಲುಗಳೂ ಟೆಥಿಸ್ ಎಂಬ ಪುರಾತನ ಕಡಲ ತಳದ ಅಂಥದೇ ಪದರಗಳಿಂದ, ಮುಖ್ಯವಾಗಿ ಜುರಾಸಿಕ್ ಯುಗದ ಕೊನೆಯ ಭಾಗದಿಂದ, ಕಳಚಿ ಬಂದವು.

ಗುರುತಿಗೆ ಸುರುಳಿಯೊಂದೇ ಸಾಲದು, ಬಸವನಹುಳುವಿನದೂ ಸುರುಳಿಯೇ. ಅಮೋನೈಟಿನ ಚಿಪ್ಪಿನಲ್ಲಿ ಅಡ್ಡಗೋಡೆಗಳಿಂದಾದ ಕೋಣೆಗಳಿರುತ್ತವೆ. ಗೋಡೆ ಚಿಪ್ಪಿಗೆ ಕೂಡುವಲ್ಲಿ ಅಂಕುಡೊಂಕಾದ ಗೆರೆ ಮೂಡಿರುತ್ತದೆ. ಕೋಣೆಗಳನ್ನು ಹಾಯುವ ಸಣ್ಣ ಕೊಳವೆ ಸಾಮಾನ್ಯವಾಗಿ ಹೊರ ಅಂಚಿನಲ್ಲಿರುತ್ತದೆ. ಹೊರಮೈಯ ಏಣುಗಳು ಕವಲೊಡೆಯುವ ಬಗೆಯನ್ನು ನೋಡಿ ಕುಲವನ್ನು ನಿರ್ಧರಿಸುತ್ತಾರೆ. ಒಳಗೆ ಹೊನ್ನಿನಂತೆ ಮಿನುಗುವುದು ಪೈರೈಟ್, ಅಂದರೆ ಕಬ್ಬಿಣದ ಸಲ್ಫೈಡು.

ಕೆಲವು ಸಾಲಿಗ್ರಾಮಗಳಲ್ಲಿ ಸುರುಳಿಯೇ ಕಾಣದು, ಬರಿಯ ರಂಧ್ರವಿರುತ್ತದೆ. ಅಂಥವನ್ನು ಹೊರನೋಟದಿಂದಲೇ ಅಮೋನೈಟೆಂದು ತೀರ್ಮಾನಿಸಲಾಗದು. ನದಿಯಲ್ಲಿ ಉರುಳಿ ಸವೆದ ಕಲ್ಲಿನಲ್ಲಿ ಏಣುಗಳೂ ಅಳಿಸಿರುತ್ತವೆ. ಪೂಜೆಯ ಕಲ್ಲನ್ನು ಯಾರೂ ಒಡೆಯುವುದಿಲ್ಲವಾದ್ದರಿಂದ ಅದರ ಒಳರಚನೆ ತಿಳಿಯಲು ಸಿ.ಟಿ. ಸ್ಕ್ಯಾನೇ ತಕ್ಕ ವಿಧಾನ.