ಉಜ್ಜಯಿನಿಯ ಒಂದು ಕೊಲೆಮೊಕದ್ದಮೆ: ಮೃಚ್ಛಕಟಿಕದ ಒಂಬತ್ತನೆಯ ಅಂಕದಲ್ಲಿ ಸಾಕ್ಷ್ಯವಿಚಾರ

ಶೂದ್ರಕನ ಮೃಚ್ಛಕಟಿಕವನ್ನು ಚಾರುದತ್ತ-ವಸಂತಸೇನೆಯರ ಪ್ರೇಮಕಥೆಯೆಂದು ಓದುವುದು ರೂಢಿ. ಹತ್ತು ಅಂಕಗಳ ಈ ರೂಪಕದಲ್ಲಿ ಒಂಬತ್ತನೆಯದರ ಹೆಸರು ‘ವ್ಯವಹಾರ’. ಧರ್ಮಶಾಸ್ತ್ರದ ಪರಿಭಾಷೆಯಲ್ಲಿ ವ್ಯವಹಾರವೆಂದರೆ ನ್ಯಾಯವಿಚಾರಣೆ. ಕೊಲೆಯ ಆಪಾದನೆಯನ್ನು ಹೇಗೆ ವಿಚಾರಿಸಬೇಕೆಂಬುದಕ್ಕೆ ಸ್ಮೃತಿಗಳಲ್ಲಿ ನಿಯಮಗಳುಂಟು. ಆ ನಿಯಮಗಳು ಮನುಷ್ಯರ ಕೈಗೆ ಸಿಕ್ಕಾಗ ಏನಾಗುತ್ತಿದ್ದವು ಎಂಬುದನ್ನು ಮಾತ್ರ ಸ್ಮೃತಿಗಳಿಂದ ತಿಳಿಯಲಾಗದು. ನಾಟಕವನ್ನು ನ್ಯಾಯಾಲಯದ ಕಡತವೆಂದು ಭಾವಿಸಬಾರದು, ನಿಜ. ಆದರೆ ಸಾಕ್ಷ್ಯವನ್ನು ತೂಗುವ ಕಷ್ಟವನ್ನು ಇಷ್ಟು ಹತ್ತಿರದಿಂದ ಕಂಡ ಪ್ರಾಚೀನ ಕೃತಿ ಇನ್ನೊಂದು ಸಿಗುವುದು ದುರ್ಲಭ.

ಮೊಕದ್ದಮೆಯ ಸ್ವರೂಪ ಸರಳವಾದುದು. ರಾಜ ಪಾಲಕನ ಮೈದುನ ಶಕಾರನು ಪುಷ್ಪಕರಂಡಕ ಉದ್ಯಾನದಲ್ಲಿ ವಸಂತಸೇನೆಯ ಕತ್ತು ಹಿಸುಕಿ, ಸತ್ತಳೆಂದು ಬಗೆದು, ಎಲೆಗಳಿಂದ ಮುಚ್ಚಿ ಬಂದಿದ್ದಾನೆ. ಮರುದಿನ ತಾನೇ ವಾದಿಯಾಗಿ ಅಧಿಕರಣಕ್ಕೆ ಬರುತ್ತಾನೆ. ಒಡವೆಯ ಆಸೆಗೆ ಚಾರುದತ್ತನು ಅವಳನ್ನು ಕೊಂದನೆಂಬುದು ಅವನ ದೂರು. ವಿಚಾರಣೆಗೆ ಕುಳಿತವರು ಅಧಿಕರಣಿಕ, ಶ್ರೇಷ್ಠಿ ಮತ್ತು ಕಾಯಸ್ಥ. ಈ ದಿನ ನಿನ್ನ ದೂರು ಕೇಳಲಾಗದೆಂದು ಅಧಿಕರಣಿಕನು ಹೇಳಿಕಳುಹಿಸಿದರೆ, ಭಾವನಿಗೆ ಹೇಳಿ ನಿನ್ನನ್ನೇ ತೆಗೆಸಿಬಿಡುವೆನೆಂದು ಶಕಾರ ಬೆದರಿಸುತ್ತಾನೆ. ದೂರು ಸ್ವೀಕೃತವಾಗುತ್ತದೆ. ಮುಂದಿನದೆಲ್ಲವೂ ಈ ಬೆದರಿಕೆಯ ನೆರಳಿನಲ್ಲಿ ನಡೆಯುವುದೆಂಬುದನ್ನು ಓದುಗರು ಮರೆಯಲಾಗದು.

ದೂರು ಹೇಳುವಾಗಲೇ ಶಕಾರ ನಾಲಗೆ ಜಾರುತ್ತಾನೆ. ಯಾರೋ ಅವಳನ್ನು ಕೊಂದರು ಎನ್ನುವಲ್ಲಿ, ಯಾರೂ ಕೇಳದಿದ್ದರೂ, ಕೊಂದವನು ತಾನಲ್ಲವೆಂದು ಸೇರಿಸಿ ಬಾಯಿ ಮುಚ್ಚಿಕೊಳ್ಳುತ್ತಾನೆ. ಅಧಿಕರಣಿಕನು ಅದನ್ನು ಗುರುತಿಸಿ ಕಾಯಸ್ಥನಿಂದ ಬರೆಸುತ್ತಾನೆ. ಶಕಾರ ಆ ಬರಹವನ್ನು ಕಾಲಿನಿಂದ ಒರೆಸಿಹಾಕುತ್ತಾನೆ. ಸಭೆಯ ಎದುರಿನಲ್ಲೇ ಲಿಖಿತವೊಂದು ಅಳಿದುಹೋಗುತ್ತದೆ, ಯಾರೂ ತಡೆಯುವುದಿಲ್ಲ. ಕತ್ತು ಹಿಸುಕಿದ್ದು, ಒಡವೆಗೆಂದೇ ಕೊಂದದ್ದು ನಿನಗೆ ಹೇಗೆ ತಿಳಿಯಿತೆಂಬ ಪ್ರಶ್ನೆಗೆ ಬರಿಗೊರಳನ್ನೂ ಒಡವೆಯಿಲ್ಲದ ಅಂಗಗಳನ್ನೂ ಕಂಡು ಊಹಿಸಿದೆನೆಂದು ಅವನ ಉತ್ತರ. ಶ್ರೇಷ್ಠಿಗೂ ಕಾಯಸ್ಥನಿಗೂ ಅದು ಯುಕ್ತವೆಂದು ತೋರುತ್ತದೆ.

ಅಧಿಕರಣಿಕನು ಮೂಢನಲ್ಲ. ವಿಚಾರಣೆ ಎರಡು ಬಗೆಯದು, ಮಾತನ್ನು ಅನುಸರಿಸುವುದು ಒಂದು, ಅರ್ಥವನ್ನು ಅನುಸರಿಸುವುದು ಇನ್ನೊಂದು. ಮೊದಲನೆಯದು ವಾದಿ-ಪ್ರತಿವಾದಿಗಳಿಂದ, ಎರಡನೆಯದು ನ್ಯಾಯಾಧೀಶನ ಬುದ್ಧಿಯಿಂದ ಎಂದು ಅವನೇ ವಿವರಿಸುತ್ತಾನೆ. ಚಾರುದತ್ತನಂಥವನು ಇಂಥ ಕೃತ್ಯ ಮಾಡಿಯಾನೆಂಬುದನ್ನು ಅವನ ಮನಸ್ಸು ಒಪ್ಪುವುದಿಲ್ಲ. ಆದರೂ ಒಂದೊಂದೇ ಸಾಕ್ಷ್ಯ ಬಂದು ಸೇರುತ್ತದೆ. ಮಗಳು ಗೆಳೆಯನ ಮನೆಗೆ ಹೋದಳೆಂದು ವಸಂತಸೇನೆಯ ತಾಯಿ ಹೇಳುತ್ತಾಳೆ, ಒತ್ತಾಯಿಸಿದಾಗ ಚಾರುದತ್ತನ ಹೆಸರನ್ನು ಹೇಳುತ್ತಾಳೆ. ಚಂದನಕನಿಂದ ಒದೆ ತಿಂದ ವೀರಕನು ತನ್ನದೇ ದೂರು ಹೊತ್ತು ಬಂದವನು, ವಸಂತಸೇನೆಯನ್ನು ಉದ್ಯಾನಕ್ಕೆ ಒಯ್ಯುತ್ತಿದೆಯೆಂದು ಹೇಳಲಾದ ಬಂಡಿ ಚಾರುದತ್ತನದೆಂದು ತಿಳಿಸುತ್ತಾನೆ. ಅವನನ್ನೇ ಕುದುರೆಯ ಮೇಲೆ ಉದ್ಯಾನಕ್ಕೆ ಅಟ್ಟಲಾಗುತ್ತದೆ. ಮೃಗಗಳು ತಿಂದುಳಿದ ಹೆಣ್ಣಿನ ಹೆಣವನ್ನು ಕಂಡೆನೆಂದು ಮರಳುತ್ತಾನೆ. ಹೆಣ್ಣೆಂದು ಹೇಗೆ ತಿಳಿದೆ ಎಂದರೆ, ಉಳಿದ ಕೂದಲು ಮತ್ತು ಕೈಕಾಲುಗಳಿಂದ ಎನ್ನುತ್ತಾನೆ.

ಇವರಲ್ಲಿ ಯಾರೂ ಬೇಕೆಂದು ಸುಳ್ಳಾಡಿಲ್ಲ. ತಾಯಿಗೆ ತಿಳಿದದ್ದು ಅಷ್ಟೇ. ವೀರಕ ಕೇಳಿದ್ದು, ಕಂಡದ್ದು ನಿಜವೇ. ಆದರೆ ಬಂಡಿಗಳು ಅದಲುಬದಲಾಗಿದ್ದವು: ಚಾರುದತ್ತನ ಬಂಡಿಯಲ್ಲಿ ಇದ್ದವನು ಸೆರೆ ತಪ್ಪಿಸಿಕೊಂಡ ಆರ್ಯಕ, ವಸಂತಸೇನೆ ಹತ್ತಿದ್ದು ಶಕಾರನ ಬಂಡಿಯನ್ನು. ಇನ್ನು ಆ ಹೆಣ, ದಾರಿಯಲ್ಲಿ ಮರ ಬಿದ್ದು ಒಬ್ಬ ಹೆಂಗಸು ಸತ್ತಳೆಂದು ಎಂಟನೆಯ ಅಂಕದಲ್ಲಿ ವಿಟನು ಹೇಳುವ ಒಂದು ಮಾತನ್ನು ನೆನೆದವರಿಗೆ ಮಾತ್ರ ಅದರ ಗುಟ್ಟು ತಿಳಿಯುತ್ತದೆ. ಅವಸರದ ಓದಿನಲ್ಲಿ ಆ ಮಾತು ತಪ್ಪಿಹೋಗುವಷ್ಟು ಚಿಕ್ಕದು.

ಸಭೆ ಕೇಳದೆ ಬಿಟ್ಟ ಪ್ರಶ್ನೆ ಇದೇ: ಸತ್ತವಳು ಯಾರು? ಹೆಣ್ಣು ಎಂಬುದರಿಂದ ವಸಂತಸೇನೆ ಎಂಬಲ್ಲಿಗೆ ನ್ಯಾಯಾಲಯ ಒಂದೇ ನೆಗೆತದಲ್ಲಿ ತಲುಪಿತು. ತಾಯಿಯನ್ನಾಗಲಿ ದಾಸಿಯರನ್ನಾಗಲಿ ಅಲ್ಲಿಗೆ ಕರೆದೊಯ್ಯಲಿಲ್ಲ. ಇದು ಆ ಕಾಲಕ್ಕೆ ತಿಳಿಯದ ವಿಷಯವೆನ್ನುವಂತಿಲ್ಲ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಹಸ್ತಪ್ರತಿಯಿಂದ ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹಠಾತ್ತಾಗಿ ಸತ್ತವರ ಪರೀಕ್ಷೆಗೆ ಒಂದು ಅಧ್ಯಾಯವೇ ಇದೆ. ಹೆಣಕ್ಕೆ ಎಣ್ಣೆ ಸವರಿ ನೋಡಬೇಕು. ಊದಿದ ಕೈಕಾಲು, ತೆರೆದ ಕಣ್ಣು, ಕೊರಳ ಮೇಲಣ ಗುರುತು ಕಂಡರೆ ಉಸಿರು ಕಟ್ಟಿಸಿ ಕೊಂದದ್ದೆಂದು ತಿಳಿಯಬೇಕು. ಯಾಜ್ಞವಲ್ಕ್ಯನೂ ಕೊಂದವನು ತಿಳಿಯದಿದ್ದಾಗ ಸತ್ತವನ ಮಕ್ಕಳು, ಬಂಧುಗಳನ್ನು ಯಾರೊಡನೆ ಜಗಳವಿತ್ತೆಂದು ಕೇಳಬೇಕು, ಯಾರ ಜೊತೆ ಹೋಗಿದ್ದನೆಂದು ವಿಚಾರಿಸಬೇಕು, ಸಾವಿನ ಸ್ಥಳದ ನೆರೆಹೊರೆಯವರನ್ನು ಮೆಲ್ಲನೆ ಮಾತನಾಡಿಸಬೇಕು ಎನ್ನುತ್ತಾನೆ. ಉದ್ಯಾನದ ಆಸುಪಾಸಿನ ಒಬ್ಬನನ್ನೂ ಈ ಸಭೆ ಕರೆಸಲಿಲ್ಲ.

ಕೊನೆಗೆ ತಕ್ಕಡಿಯನ್ನು ಬಾಗಿಸಿದ್ದು ಒಡವೆಗಳು. ಚಾರುದತ್ತನ ಮಗನ ಮಣ್ಣಿನ ಬಂಡಿಗೆ ವಸಂತಸೇನೆ ತುಂಬಿದ ಒಡವೆಗಳನ್ನು ಹಿಂದಿರುಗಿಸಲು ಹೊರಟ ಮೈತ್ರೇಯನು, ಶಕಾರನೊಡನೆ ಜಗಳಕ್ಕೆ ಬಿದ್ದಾಗ ಅವು ಅವನ ಕಂಕುಳಿಂದ ನೆಲಕ್ಕೆ ಉದುರುತ್ತವೆ. ತಾಯಿ ಅವನ್ನು ನೋಡಿ, ಹೋಲುತ್ತವೆ, ಆದರೆ ಅವಲ್ಲ ಎನ್ನುತ್ತಾಳೆ. ಗುರುತು ಹತ್ತದೆ ಹೇಳಿದಳೋ, ಗುರುತಿಸಿಯೂ ಮರೆಮಾಡಿದಳೋ! ಅಕ್ಕಸಾಲಿಗರು ಒಂದರಂತೆ ಇನ್ನೊಂದನ್ನು ಮಾಡಬಲ್ಲರೆಂದು ಅಧಿಕರಣಿಕನೂ ಒಪ್ಪುತ್ತಾನೆ. ಆ ಕ್ಷಣದಲ್ಲಿ ಚಾರುದತ್ತನಿಗೆ ಬಿಡುಗಡೆಯ ದಾರಿ ತೆರೆದಿತ್ತು. ಅದನ್ನು ಮುಚ್ಚಿದವನು ಅವನೇ. ಒಡವೆ ಅವಳದೇ, ತನ್ನ ಮನೆಯಿಂದಲೇ ಬಂದದ್ದು ಎಂದು ನಿಜ ನುಡಿಯುತ್ತಾನೆ. ಹೇಗೆ ಬಂತೆಂದು ಮಾತ್ರ ಹೇಳಲಾರ. ಗಣಿಕೆಯ ಸ್ನೇಹವನ್ನು ಸಭೆಯಲ್ಲಿ ಬಿಚ್ಚಿಡಲು ನಾಚಿಕೆ ಒಂದು ಕಡೆ, ಬಂಡಿಯ ಕಥೆ ಹೇಳಿದರೆ ಆರ್ಯಕನ ಪಲಾಯನ ಬಯಲಾಗುವ ಭಯ ಇನ್ನೊಂದು ಕಡೆ. ಅವಳಿಲ್ಲದ ಬದುಕೇ ಬೇಡವೆಂಬ ನಿರಾಶೆ ಇವೆರಡಕ್ಕಿಂತ ದೊಡ್ಡದು. ಚಾಟಿಯ ಬೆದರಿಕೆ ಬಂದಾಗ ಅರ್ಧ ವಾಕ್ಯ ನುಡಿದು, ಉಳಿದದ್ದನ್ನು ಶಕಾರನೇ ಹೇಳುವನೆಂದು ಬಿಟ್ಟುಬಿಡುತ್ತಾನೆ. ಸಭೆ ಅದನ್ನೇ ತಪ್ಪೊಪ್ಪಿಗೆಯಾಗಿ ಗಣಿಸುತ್ತದೆ.

ಇಂಥ ಒಪ್ಪಿಗೆಯ ಅಪಾಯವನ್ನು ಶಾಸ್ತ್ರಕಾರರು ಅರಿತಿದ್ದರು. ಹಿಂಸೆಗೆ ಅಂಜಿ ಕಳ್ಳನಲ್ಲದವನೂ ತಾನು ಕಳ್ಳನೆಂದ ಮಾಂಡವ್ಯನ ನಿದರ್ಶನವನ್ನು ಕೌಟಿಲ್ಯ ಕೊಡುತ್ತಾನೆ, ಸಾಕ್ಷ್ಯ ಪೂರ್ಣವಾಗದೆ ದಂಡಿಸಬಾರದೆನ್ನುತ್ತಾನೆ. ನಾರದಸ್ಮೃತಿಯೂ ಅದೇ ಮಾಂಡವ್ಯನನ್ನು ನೆನೆಯುತ್ತದೆ. ಸಾಕ್ಷಿಯಿಲ್ಲದ ಹಲ್ಲೆಯ ಪ್ರಕರಣದಲ್ಲಿ ಚಿಹ್ನೆಗಳ ಜೊತೆಗೆ ಯುಕ್ತಿಯನ್ನೂ ಬಳಸಬೇಕು, ಏಕೆಂದರೆ ಚಿಹ್ನೆಗಳನ್ನು ಕೃತಕವಾಗಿ ಮಾಡಿರಬಹುದು ಎಂದು ಯಾಜ್ಞವಲ್ಕ್ಯ ಎಚ್ಚರಿಸುತ್ತಾನೆ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರವನ್ನು ಬರೆದದ್ದು ಈ ಸ್ಮೃತಿಗೇ. ಲಿಖಿತ, ಭುಕ್ತಿ, ಸಾಕ್ಷಿ, ಇವಿಲ್ಲದಾಗ ದಿವ್ಯ ಎಂಬ ಪ್ರಮಾಣಕ್ರಮ ಕನ್ನಡನಾಡಿನ ಧರ್ಮಪೀಠಗಳಿಗೆ ಪರಿಚಿತವಾದದ್ದು ಆ ದಾರಿಯಲ್ಲಿ. ವಿಷ, ನೀರು, ತಕ್ಕಡಿ, ಬೆಂಕಿಯ ಪರೀಕ್ಷೆಯನ್ನೂ ನಡೆಸದೆ ಶತ್ರುವಿನ ಮಾತಿನ ಮೇಲೆ ಕೊಲ್ಲುತ್ತಿರುವಿರೆಂಬ ಚಾರುದತ್ತನ ಕೊನೆಯ ಆಕ್ಷೇಪ ಈ ಕ್ರಮವನ್ನೇ ನೆನಪಿಸುತ್ತದೆ. ಇಂದಿನವರಿಗೆ ದಿವ್ಯವು ಮೌಢ್ಯವಾಗಿ ಕಾಣುವುದು ಸಹಜ. ಆದರೆ ಅಲ್ಲಿ ಅದು ತಡೆಯುವ ಒಂದು ಮೆಟ್ಟಿಲೂ ಆಗಿತ್ತು.

ಇಡೀ ವಿಚಾರಣೆಯಲ್ಲಿ ಕಾನೂನಿನ ಮಾತನ್ನು ನೇರವಾಗಿ ಆಡಿದವಳು ವಸಂತಸೇನೆಯ ತಾಯಿ. ಸತ್ತವಳು ತನ್ನ ಮಗಳು, ವಾದಿ ತಾನು, ಆದ್ದರಿಂದ ಈತನನ್ನು ಬಿಡಿ ಎಂದು ಅವಳು ಬೇಡುತ್ತಾಳೆ. ಶಕಾರ ಅವಳನ್ನು ಗದರಿಸಿ ಹೊರಗಟ್ಟುತ್ತಾನೆ. ನಿರ್ಣಯ ತನ್ನದು, ಶಿಕ್ಷೆ ರಾಜನದು ಎಂದು ಅಧಿಕರಣಿಕನು ಕೈಚೆಲ್ಲುತ್ತಾನೆ. ಮನುವಿನ ಮಾತಿನಂತೆ ಬ್ರಾಹ್ಮಣನಿಗೆ ವಧೆಯಿಲ್ಲ, ಗಡೀಪಾರು ಮಾತ್ರ ಎಂದು ಬರೆದು ಕಳುಹಿಸುತ್ತಾನೆ. ಪಾಲಕನು ಆ ಒಡವೆಗಳನ್ನೇ ಕೊರಳಿಗೆ ಕಟ್ಟಿ, ಡಂಗುರ ಸಾರಿಸಿ ಶೂಲಕ್ಕೇರಿಸಲು ಆಜ್ಞಾಪಿಸುತ್ತಾನೆ.

ಹತ್ತನೆಯ ಅಂಕದಲ್ಲಿ ಸತ್ತಳೆಂದ ವಸಂತಸೇನೆಯೇ ವಧಸ್ಥಾನಕ್ಕೆ ನಡೆದು ಬರುತ್ತಾಳೆ. ಪಾಲಕ ಹತನಾಗಿ ಆರ್ಯಕ ರಾಜನಾಗುತ್ತಾನೆ. ಶಕಾರನಿಗೆ ವಿಚಾರಣೆಯೂ ಇಲ್ಲ, ಶಿಕ್ಷೆಯೂ ಇಲ್ಲ. ಚಾರುದತ್ತನ ಕ್ಷಮೆಯಿಂದ ಬಿಡುಗಡೆ ಪಡೆಯುತ್ತಾನೆ. ಮರದಡಿ ಸಿಕ್ಕಿ ಸತ್ತ ಆ ಹೆಂಗಸು ಯಾರೆಂದು ಮಾತ್ರ ಉಜ್ಜಯಿನಿಯಲ್ಲಿ ಕೊನೆಯವರೆಗೂ ಯಾರೂ ಕೇಳುವುದಿಲ್ಲ.