ಕೋವಿ, ಮದ್ದು ಮತ್ತು ಕಾಯಿದೆ: ಬೀಜಾಡಿ ಪರಿಸರದ ಒಂದು ಸಾಂಸ್ಕೃತಿಕ ಅವಲೋಕನ

ಕರಾವಳಿಯ ಜನಜೀವನದಲ್ಲಿ ‘ಮದ್ದು’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಒಂದು ಔಷಧಿ, ಇನ್ನೊಂದು ಸಿಡಿಯುವ ಪುಡಿ. ‘ತೋಟೆ’ ಎಂಬ ಪದವೂ ಹಾಗೆಯೇ. ಬೇಟೆಗಾರನ ಬಾಯಲ್ಲಿ ಅದು ಕೋವಿಗೆ ತುಂಬುವ ಗುಂಡಿನ ಕವಚ, ಕಲ್ಲುಕ್ವಾರಿಯಲ್ಲಿ ಬಂಡೆ ಒಡೆಯುವ ಸಾಧನ, ಹೊಳೆಯ ದಂಡೆಯಲ್ಲಿ ಮೀನು ಕೊಲ್ಲುವ ಅಡ್ಡದಾರಿ. ಜನಭಾಷೆ ಹೀಗೆ ಒಂದೇ ಮಾತಿನಲ್ಲಿ ಹಿಡಿದಿಟ್ಟ ಲೋಕವನ್ನು ಕಾನೂನು ಬೇರೆ ಬೇರೆ ಕಾಯಿದೆಗಳಾಗಿ ವಿಂಗಡಿಸಿದೆ. ಈ ವಿಂಗಡಣೆಯಿಂದ ಬೇಟೆಗಾರನ ಮತ್ತು ಕೋವಿ ಹಿಡಿದ ರೈತನ ಬದುಕಿನಲ್ಲಿ ಆದ ಪಲ್ಲಟವನ್ನು ಬೀಜಾಡಿ ಪರಿಸರವನ್ನು ಕೇಂದ್ರವಾಗಿರಿಸಿಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಬೀಜಾಡಿಯು ಕುಂದಾಪುರದ ದಕ್ಷಿಣಕ್ಕೆ, ಕೋಟೇಶ್ವರ ಮತ್ತು ಕುಂಭಾಶಿಗಳ ನೆರೆಯಲ್ಲಿರುವ ಕಡಲತೀರದ ಗ್ರಾಮ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ಪೂರ್ವಕ್ಕೆ ಭತ್ತದ ಗದ್ದೆ, ತೆಂಗಿನ ತೋಟ, ಗೇರು ಹಾಡಿಗಳನ್ನು ದಾಟಿದರೆ ಪಶ್ಚಿಮಘಟ್ಟದ ತಪ್ಪಲು. ಕಡಲಿನಿಂದ ಕಾಡಿನವರೆಗಿನ ಈ ಕಿರಿದಾದ ಪಟ್ಟಿಯಲ್ಲಿ ಮದ್ದಿನ ಎಲ್ಲ ಬಳಕೆಗಳೂ ಕಾಣಸಿಗುತ್ತವೆ.

ಹಳೆಯ ಕೇಪಿನ ಕೋವಿಯ ರಚನೆಯನ್ನು ಗಮನಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ನಳಿಗೆಯ ಬಾಯಿಂದ ಅಳತೆಯ ಮಸಿಯನ್ನು ಸುರಿದು, ನಾರು ಅಥವಾ ಬಟ್ಟೆಯನ್ನು ಗಜದಿಂದ ಜಡಿದು, ಚರೆ ಹಾಕಿ, ಮತ್ತೆ ಜಡಿದು, ಕೊನೆಯಲ್ಲಿ ಕೇಪು ಇಡಬೇಕು. ಅಂದರೆ ಪ್ರತಿಯೊಂದು ಈಡನ್ನೂ ಬೇಟೆಗಾರನೇ ಕೈಯಾರೆ ಸಿದ್ಧಪಡಿಸಬೇಕು. ಮಸಿ ಎಂದರೆ ಪೆಟ್ಲುಪ್ಪು, ಇದ್ದಿಲು ಮತ್ತು ಗಂಧಕಗಳ ಮಿಶ್ರಣ. ಅದರ ಪ್ರಮಾಣ, ಒಣಗಿರುವ ಹದ, ಜಡಿಯುವ ಬಿಗಿ ಇವೆಲ್ಲ ಪರಂಪರೆಯಿಂದ ಬಂದ ತಿಳಿವಳಿಕೆಗಳು. ಅಳತೆ ತಪ್ಪಿದರೆ ನಳಿಗೆಯೇ ಸಿಡಿಯಬಹುದಾದ್ದರಿಂದ ಈ ತಿಳಿವಳಿಕೆಯು ಪ್ರಾಣರಕ್ಷಣೆಯ ಶಿಸ್ತೂ ಆಗಿತ್ತು.

ಈ ಒಂದೇ ಕ್ರಿಯೆಯ ಮೇಲೆ ವಸಾಹತು ಆಡಳಿತವು ಎರಡು ಶಾಸನಗಳನ್ನು ಹೇರಿತು. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡಕ್ಕೂ ಅವು ಅನ್ವಯಿಸಿದವು. 1878ರ ಶಸ್ತ್ರಾಸ್ತ್ರ ಕಾಯಿದೆ ಕೋವಿಯನ್ನು ಪರವಾನಗಿಗೆ ಒಳಪಡಿಸಿತು. 1884ರ ಸ್ಫೋಟಕಗಳ ಕಾಯಿದೆ ಮಸಿಯನ್ನು ‘ಸ್ಫೋಟಕ’ ಎಂಬ ವ್ಯಾಖ್ಯೆಯೊಳಗೆ ತಂದು, ಅದರ ತಯಾರಿಕೆ, ಸಂಗ್ರಹ, ಮಾರಾಟ ಮತ್ತು ಸಾಗಾಟಗಳನ್ನು ನಿಯಮಬದ್ಧಗೊಳಿಸಿತು. ನೆರೆಯ ಕೊಡಗಿಗೆ 1861ರಲ್ಲಿಯೇ ವಿನಾಯಿತಿ ದೊರೆತಿತ್ತು. ಕೊಡವ ಜನಾಂಗ ಹಾಗೂ ಜಮ್ಮಾ ಹಿಡುವಳಿದಾರರಿಗೆ ಅದು ಇಂದಿಗೂ ಇದ್ದು, 2019ರಲ್ಲಿ 2029ರವರೆಗೆ ಮುಂದುವರಿದಿದೆ. ಕರಾವಳಿಯ ಒಕ್ಕಲಿಗೆ ಅಂತಹ ವಿನಾಯಿತಿ ಇಲ್ಲ. ಹೀಗಾಗಿ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಪೂಜೆಗೊಳ್ಳುವ ಕೋವಿ, ಘಟ್ಟದ ಈಚೆ ಮುಖ್ಯವಾಗಿ ಕಚೇರಿಯ ಕಡತಕ್ಕೆ ಸೇರಿದ ವಸ್ತುವಾಯಿತು.

ಕಡಲ ಕಡೆಗೂ ಕಾನೂನು ಬಂತು. 1897ರ ಮೀನುಗಾರಿಕೆ ಕಾಯಿದೆಯು ಡೈನಮೈಟ್ ಮುಂತಾದ ಸ್ಫೋಟಕ ಬಳಸಿ ಮೀನು ಹಿಡಿಯುವುದನ್ನು ಅಪರಾಧವೆಂದು ಸಾರಿತು; ಕರಾವಳಿಯಿಂದ ಒಂದು ಲೀಗ್ ದೂರದವರೆಗಿನ ಸಮುದ್ರಕ್ಕೂ ಅದು ಅನ್ವಯಿಸುತ್ತದೆ. ಮೀನಿನ ಸಂತತಿಯನ್ನೇ ನಾಶಮಾಡುವ ಈ ಪದ್ಧತಿಯ ನಿಷೇಧ ಬಲೆಯನ್ನು ನಂಬಿದ ಮೀನುಗಾರನಿಗೆ ಹಿತವೇ ಆಗಿದೆ ಎಂಬುದನ್ನು ಮರೆಯಬಾರದು.

ಸ್ವಾತಂತ್ರ್ಯಾನಂತರ ಬಂದ 1959ರ ಶಸ್ತ್ರಾಸ್ತ್ರ ಕಾಯಿದೆ ರೈತನನ್ನು ಗಮನದಲ್ಲಿರಿಸಿಕೊಂಡಿತ್ತು. ಅದರ 13ನೆಯ ಪ್ರಕರಣವು ನಿಜವಾದ ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ನೀಡಬೇಕೆನ್ನುತ್ತದೆ. ಅದು ಸಾಲದೆಂದು ಮನದಟ್ಟಾದರೆ ಬೇರೆ ನಯನಳಿಗೆಯ ಕೋವಿಗೂ ಅವಕಾಶವಿದೆ. ಆದರೆ ಕೋವಿಗೆ ಒಪ್ಪಿಗೆ ಸಿಕ್ಕ ಮಾತ್ರಕ್ಕೆ ಅದರೊಳಗೆ ತುಂಬುವ ಮಸಿಯನ್ನು ತಯಾರಿಸುವ ಒಪ್ಪಿಗೆ ಸಿಕ್ಕಂತಲ್ಲ. ಅದಕ್ಕೆ ಸ್ಫೋಟಕಗಳ ನಿಯಮಗಳಿವೆ. 1983ರ ನಿಯಮಗಳ ಸ್ಥಾನದಲ್ಲಿ 2008ರ ನಿಯಮಗಳು ಬಂದಿವೆ. ತೋಟೆ ಕೋವಿಯವನಿಗೂ ಇದೇ ಕಟ್ಟು. ಎಷ್ಟು ತೋಟೆ ಕೊಳ್ಳಬಹುದು, ಎಷ್ಟು ಇರಿಸಿಕೊಳ್ಳಬಹುದು ಎಂಬುದು ಪರವಾನಗಿಯಲ್ಲಿ ನಮೂದಾಗಿರುತ್ತದೆ. ಖಾಲಿ ಕವಚವನ್ನು ಮತ್ತೆ ತುಂಬಿಸಿ ಬಳಸುವ ಮಿತವ್ಯಯದ ರೂಢಿ, ಮದ್ದುಗುಂಡಿನ ತಯಾರಿಕೆಗೆ ಪರವಾನಗಿ ಬೇಡುವ ಕಾನೂನಿನ ಎದುರು ಅನುಮಾನಾಸ್ಪದವಾಗುತ್ತದೆ.

ಮೂರನೆಯ ಶಾಸನವು ಪ್ರಾಣಿಗೆ ಸಂಬಂಧಿಸಿದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ಬಿಗಿಗೊಳಿಸಿತು; 1991ರ ತಿದ್ದುಪಡಿ ಬೇಟೆ ಪರವಾನಗಿಯ ಪದ್ಧತಿಯನ್ನೇ ತೆಗೆದುಹಾಕಿತು. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗಿನ ಕೋವಿದಾರರು ಹೆಸರು ನೋಂದಾಯಿಸಬೇಕು. ಅಲ್ಲಿ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಅಗತ್ಯ. ಕೊಲ್ಲೂರು ಭಾಗದ ಮೂಕಾಂಬಿಕಾ ಅಭಯಾರಣ್ಯ 1974ರಲ್ಲಿ ಘೋಷಣೆಯಾದದ್ದರಿಂದ ಅದರ ಅಂಚಿನ ಹಳ್ಳಿಗಳಿಗೆ ಈ ನಿಬಂಧನೆ ತಾಗುತ್ತದೆ. ತುಳುನಾಡಿನ ಕೆಡ್ಡಸದ ಬೇಟೆಯಂತಹ ಆಚರಣೆಗಳು ಇಂದು ನೆನಪಾಗಿ ಉಳಿದಿರುವುದರ ಹಿನ್ನೆಲೆಯಲ್ಲಿ ಈ ಶಾಸನವಿದೆ. ಹಂದಿಯನ್ನು ಬೆಳೆಯ ಶತ್ರುವೆಂದು ಬೆದರಿಸುತ್ತಲೇ ಪಂಜುರ್ಲಿಯಾಗಿ ಆರಾಧಿಸುವ ಜನಪದರ ದ್ವಂದ್ವವನ್ನು ಯಾವ ಕಾಯಿದೆಯೂ ಅರಿತಿಲ್ಲ.

ಚುನಾವಣೆಗಳು ಈ ಸಂಬಂಧದ ಬಿಗಿಯನ್ನು ಇನ್ನಷ್ಟು ತೋರುತ್ತವೆ. ನೀತಿಸಂಹಿತೆ ಜಾರಿಯಾದಾಗ ಪರವಾನಗಿಯ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಿಸುವ ರೂಢಿಯಿದೆ. ವಿನಾಯಿತಿ ಕೋರಿದವರ ಅರ್ಜಿಯನ್ನು ಪರಿಶೀಲನಾ ಸಮಿತಿ ನೋಡುತ್ತದೆ. 2023ರ ವಿಧಾನಸಭಾ ಚುನಾವಣೆಗೆ ಮಾರ್ಚ್ 29ರಿಂದ, 2024ರ ಲೋಕಸಭಾ ಚುನಾವಣೆಗೆ ಮಾರ್ಚ್ 16ರಿಂದ ನೀತಿಸಂಹಿತೆ ಜಾರಿಯಲ್ಲಿತ್ತು. ಅದೇ ನೆಲಗಡಲೆ ಕೀಳುವ, ಗೇರು ಹೆಕ್ಕುವ ಕಾಲ. ಮಂಗ, ಹಂದಿಗಳಿಗೆ ನೀತಿಸಂಹಿತೆ ಇಲ್ಲ.

ಹಾಗೆಂದು ನಿಯಂತ್ರಣವೇ ಬೇಡವೆನ್ನಲಾಗದು. ಆಹಾರದಲ್ಲಿ ಅಡಗಿಸಿದ ಸಿಡಿಮದ್ದು ಎಂತಹ ಕ್ರೌರ್ಯವೆಂಬುದನ್ನು 2020ರ ಮೇ ತಿಂಗಳಲ್ಲಿ ಕೇರಳದಲ್ಲಿ ಸತ್ತ ಗರ್ಭಿಣಿ ಆನೆ ತೋರಿಸಿತು. 2024ರ ಜನವರಿಯಲ್ಲಿ ಬೆಳ್ತಂಗಡಿ ತಾಲೂಕಿನ ವೇಣೂರು ಸಮೀಪದ ಪಟಾಕಿ ತಯಾರಿಕಾ ಘಟಕದ ಸ್ಫೋಟ ಮೂವರನ್ನು ಬಲಿ ತೆಗೆದುಕೊಂಡಿತು. ಮದ್ದಿನ ಮೇಲಿನ ಭಯಕ್ಕೆ ಆಧಾರವಿದೆ. ಆದರೆ ಅಡಗಿಸಿಟ್ಟ ಸಿಡಿಮದ್ದು ಯಾರನ್ನೂ ಗುರುತಿಸದು; ಪರವಾನಗಿಯ ಕೋವಿಗೆ ಒಬ್ಬ ಹೊಣೆಗಾರನಿದ್ದಾನೆ. ಹೊಣೆ ಹೊತ್ತವನಿಗೆ ದಾರಿ ಕಠಿಣವಾಗಿ, ಹೊಣೆಯಿಲ್ಲದವನಿಗೆ ಕತ್ತಲು ಸುಲಭವಾಗಿ ಉಳಿದರೆ ಕಾನೂನಿನ ಆಶಯ ಈಡೇರದು.

ಈ ಪ್ರಕ್ರಿಯೆಯಲ್ಲಿ ಮೊದಲು ಮರೆಯಾಗುವುದು ಕೋವಿಯಲ್ಲ, ಅದನ್ನು ಜೋಪಾನವಾಗಿ ಬಳಸುವ ತಿಳಿವಳಿಕೆ. ಮಸಿ, ಚರೆ, ಗಜ, ಈಡು ಎಂಬ ಪದಗಳ ಜೊತೆಗೆ ತುಂಬಿದ ಕೋವಿಯನ್ನು ಎಲ್ಲಿಡಬೇಕು, ಎಂದು ಬೇಟೆಗೆ ಹೋಗಬಾರದು, ಯಾವ ಪ್ರಾಣಿಯನ್ನು ಹೊಡೆಯಬಾರದು ಎಂಬ ವಿಧಿನಿಷೇಧಗಳೂ ಹೋಗುತ್ತವೆ. ಅವೂ ಒಂದು ಬಗೆಯ ಕಾಯಿದೆಯೇ. ಬರೆದಿಡದ, ಆದರೆ ಪಾಲಿಸಲ್ಪಟ್ಟ ಕಾಯಿದೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಹಿರಿಯ ಕೋವಿದಾರರಿಂದ ಈ ಮೌಖಿಕ ಸಂಹಿತೆಯನ್ನು ದಾಖಲಿಸುವುದು, ಪರವಾನಗಿ ಕಡತಗಳನ್ನು ಕೃಷಿ ಇತಿಹಾಸದ ಆಕರಗಳಾಗಿ ಓದುವುದು ಜಾನಪದ ಅಧ್ಯಯನದ ಮುಂದಿರುವ ತುರ್ತು ಕೆಲಸಗಳು.