ಇಪ್ಪತ್ತೈದು ಮೈಲಿಯ ಬೀಗ

ಜಪಾನಿನ ಹಳ್ಳಿಗಳಲ್ಲಿ ಗದ್ದೆಯ ಬದುವಿನಿಂದ ಮಾರುಕಟ್ಟೆಯವರೆಗೆ ಎಲ್ಲೆಲ್ಲೂ ಕಾಣುವ ಒಂದು ಪುಟ್ಟ ಟ್ರಕ್ ಇದೆ. ಅಲ್ಲಿಯವರು ಅದನ್ನು ‘ಕೇಯ್’ ವರ್ಗದ ವಾಹನ ಎನ್ನುತ್ತಾರೆ. ಕೇಯ್ ಎಂದರೆ ಹಗುರ. 1998ರ ಅಳತೆಯಂತೆ ಉದ್ದ 3.4 ಮೀಟರ್, ಅಗಲ 1.48 ಮೀಟರ್, ಎಂಜಿನ್ 660 ಸಿಸಿ, ಹೊರುವ ಭಾರ 350 ಕಿಲೊ. ಇದನ್ನು ಮೀರಿದರೆ ಆ ವರ್ಗದಿಂದ ಹೊರಗೆ. ಸುಜುಕಿ ಕ್ಯಾರಿ, ಡೈಹಾಟ್ಸು ಹೈಜೆಟ್, ನಮ್ಮ ಕಾಡಿನ ಕಡವೆಯ ಹೆಸರು ಹೊತ್ತ ಸುಬಾರು ಸಾಂಬಾರ್, ಇವೆಲ್ಲ ಇದೇ ಬಳಗದವು. ನಮಗೂ ಇದು ತೀರಾ ಅಪರಿಚಿತವಲ್ಲ. 1984ರಲ್ಲಿ ಬಂದ ಮಾರುತಿ ವ್ಯಾನ್, ಅಂದರೆ ಮುಂದೆ ನಾವು ಓಮ್ನಿ ಎಂದು ಕರೆದ ಗಾಡಿ, ಸುಜುಕಿ ಕ್ಯಾರಿಯ ಭಾರತೀಯ ಅವತಾರವೇ.

ಈ ಟ್ರಕ್ಕನ್ನು ಹೊಸದಾಗಿ ಅಮೆರಿಕಕ್ಕೆ ಹಡಗಿನಲ್ಲಿ ಕಳಿಸಿದರೆ ಅದರ ವೇಗ ಗಂಟೆಗೆ 25 ಮೈಲಿಗೆ, ಅಂದರೆ ಸುಮಾರು 40 ಕಿಲೋಮೀಟರಿಗೆ ಇಳಿದುಬಿಡುತ್ತದೆ. ಎಂಜಿನ್ ಅದೇ, ಚಕ್ರವೂ ಅದೇ. ಆದರೆ ಮೇಲಿನ ಗೇರುಗಳು ಬೀಳದಂತೆ ಎಲ್ಲೋ ಒಂದು ತಡೆ ಹಾಕಿರುತ್ತಾರೆ. ಇಲ್ಲವೇ ಆಕ್ಸಿಲರೇಟರ್ ಪೂರ್ತಿ ಒತ್ತಲು ಬಿಡದಂತೆ ಮಾಡಿರುತ್ತಾರೆ. ಇಲ್ಲವೇ ವೇಗವನ್ನು ಅಳೆದು ಎಂಜಿನ್ನನ್ನು ಹಿಡಿದು ನಿಲ್ಲಿಸುವ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಇರುತ್ತದೆ. ಕೊಂಡುಕೊಂಡವರಲ್ಲಿ ಹಲವರ ಮೊದಲ ಪ್ರಶ್ನೆಯೇ ಇದನ್ನು ತೆಗೆಯುವುದು ಹೇಗೆ ಎಂಬುದು. ತಂತ್ರಜ್ಞಾನದ ಚರಿತ್ರೆಯ ವಿದ್ಯಾರ್ಥಿಯಾದ ನನ್ನ ಕುತೂಹಲ ಮಾತ್ರ ಬೇರೆ: ಈ ಬೀಗವನ್ನು ಹಾಕಿದವರು ಯಾರು? 25 ಎಂಬ ಅಂಕಿ ಬಂದದ್ದು ಎಲ್ಲಿಂದ?

ಮಿತಿ ಎನ್ನುವುದು ಈ ಟ್ರಕ್ಕಿಗೆ ಹುಟ್ಟಿನಿಂದಲೇ ಬಂದದ್ದು. ಯುದ್ಧದಲ್ಲಿ ಸೋತು ಬಡವಾಗಿದ್ದ ಜಪಾನ್ 1949ರಲ್ಲಿ ಈ ವರ್ಗವನ್ನು ಕಾನೂನಿನಲ್ಲಿ ಸೃಷ್ಟಿಸಿತು. ಎಂಜಿನ್ನಿನ ಗಾತ್ರ 1955ರಲ್ಲಿ 360 ಸಿಸಿ, 1976ರಲ್ಲಿ 550, 1990ರಲ್ಲಿ 660 ಆಯಿತು. ಚಿಕ್ಕದಾಗಿದ್ದರೆ ತೆರಿಗೆ ಕಡಿಮೆ ಎಂಬ ಆಸೆ ತೋರಿಸಿ ಸರ್ಕಾರ ಒಂದು ಉದ್ಯಮವನ್ನೇ ಬೆಳೆಸಿತು. ಇಂದು ಜಗತ್ತಿಗೆಲ್ಲ ಪರಿಚಿತವಾದ ಹೋಂಡಾ ಕಂಪನಿ 1963ರಲ್ಲಿ ಮಾರುಕಟ್ಟೆಗೆ ತಂದ ಮೊದಲ ನಾಲ್ಕು ಚಕ್ರದ ವಾಹನ ಕಾರಲ್ಲ, ಟಿ360 ಎಂಬ ಇಂಥದ್ದೇ ಒಂದು ಮಿನಿ ಟ್ರಕ್. ಜಪಾನಿನ ಎಕ್ಸ್‌ಪ್ರೆಸ್ ಹೆದ್ದಾರಿಗಳಲ್ಲಿ ಈ ವರ್ಗಕ್ಕೆ 2000ದವರೆಗೂ ಗಂಟೆಗೆ 80 ಕಿಲೋಮೀಟರಿನ ಮಿತಿಯಿತ್ತು. ಆಮೇಲೆ ಅದು 100 ಆಯಿತು. ಆದರೆ ಅದು ಫಲಕದ ಮೇಲೆ ಬರೆದ ಮಿತಿ. ಪಾಲಿಸುವುದೋ ಮೀರುವುದೋ ಚಾಲಕನಿಗೆ ಬಿಟ್ಟದ್ದು. ಒಂದು ಕಾಲದಲ್ಲಿ ವೇಗ 80 ದಾಟಿದರೆ ಗಾಡಿಯೊಳಗೆ ಟಿಣ್ ಟಿಣ್ ಎಂದು ಗಂಟೆ ಬಾರಿಸಬೇಕೆಂಬ ನಿಯಮವೂ ಅಲ್ಲಿತ್ತು. ಗಂಟೆ ಎಚ್ಚರಿಸುತ್ತದೆ, ತಡೆಯುವುದಿಲ್ಲ.

ಅಮೆರಿಕದ ದಾರಿ ಬೇರೆ. ಕೋಳಿ ಮಾಂಸದ ವ್ಯಾಪಾರದ ಬಗ್ಗೆ ಯುರೋಪಿನೊಂದಿಗೆ ನಡೆದ ಜಗಳದಿಂದಾಗಿ ಅದು 1964ರಿಂದ ಹೊರದೇಶದ ಹಗುರ ಟ್ರಕ್ಕುಗಳ ಮೇಲೆ ಶೇ. 25ರಷ್ಟು ಸುಂಕ ಹಾಕಿತು. ಕೋಳಿಯ ಜಗಳ ಮರೆತುಹೋಯಿತು, ಸುಂಕ ಉಳಿಯಿತು. 1988ರ ಕಾನೂನು ಇನ್ನೊಂದು ಗೋಡೆ ಕಟ್ಟಿತು: ಅಮೆರಿಕದ ಸುರಕ್ಷತಾ ಮಾನದಂಡಕ್ಕೆ ಹೊಂದದ ವಾಹನ ಒಳಗೆ ಬರಬಾರದು, 25 ವರ್ಷ ಹಳೆಯದಾಗಿದ್ದರೆ ಮಾತ್ರ ವಿನಾಯಿತಿ. 1998ರಲ್ಲಿ ಇದೇ ಗೋಡೆಯಲ್ಲಿ ಒಂದು ಕಿಂಡಿ ತೆರೆಯಿತು. ಅರಿಜೋನಾ, ಕ್ಯಾಲಿಫೋರ್ನಿಯಾಗಳ ನಿವೃತ್ತರ ಬಡಾವಣೆಗಳಲ್ಲಿ ವೃದ್ಧರು ಗಾಲ್ಫ್ ಗಾಡಿಯಲ್ಲೇ ಅಂಗಡಿಗೆ ಹೋಗಿಬರುತ್ತಿದ್ದರು. ಅಂಥವರಿಗಾಗಿ ‘ಕಡಿಮೆ ವೇಗದ ವಾಹನ’ ಎಂಬ ಹೊಸ ವರ್ಗ ಹುಟ್ಟಿತು. ಅದರ ವೇಗ ಗಂಟೆಗೆ 20 ಮೈಲಿ ಮೀರಿರಬೇಕು, 25 ದಾಟಬಾರದು. ಮೊದಲು ಟ್ರಕ್ಕುಗಳಿಗೆ ಅದರಲ್ಲಿ ಜಾಗವಿರಲಿಲ್ಲ. 2005ರಲ್ಲಿ ಆ ನಿರ್ಬಂಧ ಹೋಯಿತು. ಹೊಲ, ಕಾರ್ಖಾನೆ, ಕ್ಯಾಂಪಸ್ಸಿನೊಳಗೆ ಮಾತ್ರ ಓಡುವ ವಾಹನವಾಗಿ ತರಿಸಿದರೂ ಪರಿಸರ ಇಲಾಖೆ ಅದೇ 25 ಮೈಲಿಯ ಗೆರೆ ಎಳೆಯಿತು. ರಸ್ತೆಯ ಗಾಡಿಯಾಗಿ ಹುಟ್ಟಿದ ಟ್ರಕ್ಕು ಹೀಗೆ ಕಡಲು ದಾಟಿ ಹೊಲದ ಸಲಕರಣೆಯಾಯಿತು.

ಹಾಗಾಗಿ ಆ ತಡೆಯನ್ನು ಬಿಚ್ಚುವುದು ಬರೀ ಮೆಕ್ಯಾನಿಕ್ಕಿನ ಕೆಲಸವಲ್ಲ. ಸ್ಪ್ಯಾನರ್ ಹಿಡಿದವನು ಅರ್ಧ ದಿನದಲ್ಲಿ ವಾಹನದ ಜಾತಿಯನ್ನೇ ಬದಲಿಸುತ್ತಾನೆ. ಯಾವ ಷರತ್ತಿನ ಮೇಲೆ ಅದು ದೇಶದೊಳಗೆ ಬಂತೋ ಆ ಷರತ್ತೇ ಮುರಿಯುತ್ತದೆ. ಇದರಲ್ಲೊಂದು ವಿಚಿತ್ರವಿದೆ. 25 ವರ್ಷ ಹಳೆಯ, ಏರ್‌ಬ್ಯಾಗ್ ಇಲ್ಲದ ಟ್ರಕ್ಕು ಬೀಗವಿಲ್ಲದೆ ಬರಬಹುದು. ಅದಕ್ಕಿಂತ ಸುರಕ್ಷಿತವಾದ ಹೊಸ ಟ್ರಕ್ಕು ಬೀಗದೊಂದಿಗೇ ಬರಬೇಕು. ಹಳೆಯದಕ್ಕೂ ಎಲ್ಲ ರಾಜ್ಯಗಳೂ ನೋಂದಣಿ ಕೊಡುವುದಿಲ್ಲ ಎನ್ನುವುದು ಮತ್ತೊಂದು ಕತೆ.

ಬೀಗಕ್ಕೆ ಅರ್ಥವೇ ಇಲ್ಲವೆಂದು ನಾನು ಹೇಳಲಾರೆ. ಈ ಟ್ರಕ್ಕಿನಲ್ಲಿ ಚಾಲಕ ಮುಂದಿನ ಚಕ್ರಗಳ ಮೇಲೆಯೇ ಕೂರುತ್ತಾನೆ. ಅವನ ಮೊಣಕಾಲಿಗೂ ಎದುರಿನಿಂದ ಬರುವ ವಾಹನಕ್ಕೂ ನಡುವೆ ಇರುವುದು ತಗಡಿನ ಒಂದು ಪದರ. ಓಮ್ನಿಯ ಮುಂದಿನ ಸೀಟಿನಲ್ಲಿ ಕೂತು ಹೆದ್ದಾರಿಯಲ್ಲಿ ಹೋದವರಿಗೆ ಆ ಭಯ ಗೊತ್ತು. ಎರಡು ಟನ್ನಿನ ಪಿಕಪ್‌ಗಳು ಓಡುವ ರಸ್ತೆಯಲ್ಲಿ ಅದು ಇನ್ನೂ ಹೆಚ್ಚು. ಆದರೆ ಅಲ್ಲೇ ಒಂದು ಪ್ರಶ್ನೆ ಏಳುತ್ತದೆ: ಅಪಾಯ ಆ ಪಿಕಪ್ಪಿನ ತೂಕ ಮತ್ತು ವೇಗದಿಂದ ಬರುವುದಾದರೆ, ಬೀಗ ಈ ಪುಟ್ಟ ಟ್ರಕ್ಕಿಗೇ ಏಕೆ?

ಈ ಪ್ರಶ್ನೆಯನ್ನು ಅಮೆರಿಕದವರೇ ನೂರು ವರ್ಷಗಳ ಹಿಂದೆ ಕೇಳಿದ್ದರು. 1923ರಲ್ಲಿ ಒಹಾಯೋದ ಸಿನ್ಸಿನಾಟಿ ನಗರದ ಸುಮಾರು 42,000 ಜನ ಒಂದು ಮನವಿಗೆ ಸಹಿ ಹಾಕಿದರು. ನಗರದ ಪ್ರತಿಯೊಂದು ಕಾರಿಗೂ ಯಾಂತ್ರಿಕ ಗವರ್ನರ್ ಹಾಕಬೇಕು, ವೇಗ ಗಂಟೆಗೆ 25 ಮೈಲಿ ಮುಟ್ಟಿದರೆ ಎಂಜಿನ್ ತಾನೇ ನಿಲ್ಲಬೇಕು ಎಂಬುದು ಅವರ ಬೇಡಿಕೆ. ಅಂಕಿ ಅದೇ, 25. ರಸ್ತೆಯಲ್ಲಿ ಮಕ್ಕಳು ಕಾರಿಗೆ ಸಿಕ್ಕಿ ಸಾಯುತ್ತಿದ್ದ ಕಾಲವದು. ಕಾರು ವ್ಯಾಪಾರಿಗಳೂ ಮಾಲೀಕರ ಸಂಘಗಳೂ ಒಂದಾಗಿ ಭಾರೀ ಪ್ರಚಾರ ನಡೆಸಿದವು. ಆ ನವೆಂಬರಿನ ಮತದಾನದಲ್ಲಿ ಬೇಡಿಕೆ ಹೀನಾಯವಾಗಿ ಸೋತಿತು. ಆಮೇಲಿನ ವರ್ಷಗಳಲ್ಲಿ ರಸ್ತೆ ಕಾರಿನದು, ನಡೆಯುವವನೇ ಎಚ್ಚರದಿಂದಿರಬೇಕು ಎಂಬ ಮಾತು ಸಾಮಾನ್ಯಜ್ಞಾನವಾಗಿ ಬೇರೂರಿತು. ಎಲ್ಲರಿಗೂ ಬೇಡವಾದ ಬೀಗ ಕೊನೆಗೆ ಬಿದ್ದದ್ದು ಬೇಡ ಎನ್ನಲು ಸಂಘವಿಲ್ಲದ ಒಂದು ಪುಟ್ಟ ಪರದೇಶಿ ಗಾಡಿಗೆ.

ನಮ್ಮಲ್ಲೂ ಈ ಚರಿತ್ರೆಯ ನೆರಳಿದೆ. ಲಾರಿ, ಬಸ್ಸುಗಳಂಥ ಸಾರಿಗೆ ವಾಹನಗಳಿಗೆ 2015ರ ಅಕ್ಟೋಬರ್ 1ರಿಂದ 80 ಕಿಲೋಮೀಟರಿನ ಸ್ಪೀಡ್ ಗವರ್ನರ್ ಕಡ್ಡಾಯವಾಯಿತು. ಸ್ವಂತ ಕಾರುಗಳು ಅದರ ಹೊರಗೆ ಉಳಿದವು. 2019ರ ಜುಲೈಯಿಂದ ಹೊಸ ಕಾರುಗಳಲ್ಲಿ 80 ದಾಟಿದಾಗ ಆಗಾಗ, 120 ದಾಟಿದಾಗ ಬಿಡದೆ ಸದ್ದು ಮಾಡುವ ವ್ಯವಸ್ಥೆ ಬಂತು. ಲಾರಿಯವನಿಗೆ ಬೀಗ, ಕಾರಿನವನಿಗೆ ಗಂಟೆ. ಒಬ್ಬನನ್ನು ತಡೆಯಬೇಕು, ಇನ್ನೊಬ್ಬನಿಗೆ ನೆನಪಿಸಿದರೆ ಸಾಕು ಎಂದು ನಾವು ಯಾವಾಗ ತೀರ್ಮಾನಿಸಿದೆವು?

ವೇಗದ ಮಿತಿಗಳನ್ನು ತೆಗೆಯಬೇಕೆಂದು ನಾನು ವಾದಿಸುತ್ತಿಲ್ಲ. ಸಿನ್ಸಿನಾಟಿಯ ಆ 42,000 ಜನರ ಪರವಾಗಿಯೇ ನನ್ನ ಮನಸ್ಸಿದೆ. ಆದರೆ ಮಿತಿ ನ್ಯಾಯವಾಗಬೇಕಾದರೆ ಅದು ಹೆಚ್ಚು ಅಪಾಯ ಮಾಡಬಲ್ಲವನಿಂದ ಶುರುವಾಗಬೇಕು. ಯಂತ್ರಗಳ ಚರಿತ್ರೆ ಓದುವಾಗ ನಾವು ಎಷ್ಟು ವೇಗ ಸಾಧ್ಯವಾಯಿತು ಎಂದು ಲೆಕ್ಕ ಹಾಕುತ್ತೇವೆ. ಯಾರ ವೇಗಕ್ಕೆ ಯಾರು ಬೀಗ ಹಾಕಿದರು ಎಂಬ ಲೆಕ್ಕವನ್ನೂ ಅದರ ಪಕ್ಕದಲ್ಲಿ ಬರೆದುಕೊಳ್ಳಬೇಕು.